ಹೈದರಲಿ ಇನ್ನಾರು ತಿಂಗಳು ಬದುಕಿದ್ದರೆ?

ಮೈಸೂರಿನ ನವಾಬ ಹೈದರಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯಲ್ಲಿ, ಸೈನ್ಯದ ಬಿಡಾರದಲ್ಲಿ. ಬೆನ್ನುಫಣಿ, ಅಂದರೆ ಬೆನ್ನ ಮೇಲೆ ಏಳುವ ದೊಡ್ಡ ಹುಣ್ಣು, ಅವರನ್ನು ತಿಂಗಳುಗಳಿಂದ ಕಾಡಿತ್ತು. ಟಿಪ್ಪುವಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಪರ ವಿರೋಧ ಎರಡೂ ಜೋರು. ತಂದೆಯ ಸಾವಿನ ಬಗ್ಗೆ ಮಾತಾಡುವವರು ಕಡಿಮೆ. ಹಾಗೆ ನೋಡಿದರೆ ದಕ್ಷಿಣ ಭಾರತ ಇಂಗ್ಲಿಷರದ್ದೋ ಫ್ರೆಂಚರದ್ದೋ ಮೈಸೂರಿನದ್ದೋ ಎಂಬ ತಕರಾರು ತೀರ್ಮಾನವಾಗದೆ ನಿಂತಿದ್ದ ಹೊತ್ತಲ್ಲೇ ಆ ಸಾವು ಬಂತು. ಅವರು ಮುಂದಿನ ಮಳೆಗಾಲದ ತನಕ ಇದ್ದಿದ್ದರೆ ಏನಾಗ್ತಿತ್ತು ಅಂತ ಈ ವಾರ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಹೈದರ್ ಅರಮನೆಯಲ್ಲಿ ಹುಟ್ಟಿದವರಲ್ಲ. 1720ರ ಆಸುಪಾಸು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟು. ತಂದೆ ಫತೆಹ್ ಮುಹಮ್ಮದ್ ಯುದ್ಧದಲ್ಲಿ ಸತ್ತಾಗ ಹುಡುಗ ಇನ್ನೂ ಚಿಕ್ಕವ. ಓದು ಬರಹ ಬರಲಿಲ್ಲ. ಆದರೆ ಒಮ್ಮೆ ಕೇಳಿದ ಲೆಕ್ಕ, ಒಮ್ಮೆ ನೋಡಿದ ಮುಖ ಮರೆಯುತ್ತಿರಲಿಲ್ಲವಂತೆ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದರು, ಆಮೇಲೆ ದಿಂಡಿಗಲ್ಲಿಗೆ ಫೌಜ್ದಾರರಾದರು, 1761ರ ಹೊತ್ತಿಗೆ ರಾಜ್ಯದ ಕೀಲಿಕೈಯೇ ಅವರಲ್ಲಿತ್ತು. 1763ರಲ್ಲಿ ಬಿದನೂರು ಹಿಡಿದರು. ಅದರ ಹಿಂದೆಯೇ ನಮ್ಮ ಮಂಗಳೂರು ಬಂದರೂ ಅವರದಾಯಿತು.

ಈ ಬಂದರನ್ನು ಹೈದರ್ ನೋಡಿದ ರೀತಿ ಬೇರೆ. ಇಲ್ಲಿಂದ ಅಕ್ಕಿ ಮಸ್ಕತ್ತಿಗೆ ಹೋಗ್ತಿತ್ತು, ಅದರ ಹಣ ಖಜಾನೆಗೆ ಬೇಕಿತ್ತು, ಅದು ಒಂದು. ಇನ್ನೊಂದು, ಯುದ್ಧದ ಹಡಗು. ಇಂಗ್ಲಿಷರನ್ನು ನೆಲದ ಮೇಲೆ ಸೋಲಿಸಬಹುದು, ಕಡಲಿನಿಂದ ಅವರಿಗೆ ಮತ್ತೆ ಮತ್ತೆ ಆಳು, ಮದ್ದು ಬರುವುದನ್ನು ತಡೆಯುವುದು ಹೇಗೆ? ಮಂಗಳೂರಿನಲ್ಲಿ ಹಡಗು ಕಟ್ಟಿಸಿದ್ದು ಅದಕ್ಕೇ. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಬಂದರನ್ನೇ ಹಿಡಿದರು. ಅದನ್ನು ಮರಳಿ ಪಡೆದದ್ದಾಯಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಬಂದು, ಇಲ್ಲೇ ಮಂಗಳೂರಿನ ಎದುರು, ಮೈಸೂರಿನ ಹಡಗುಗಳನ್ನು ನಾಶ ಮಾಡಿದ. ಅಲ್ಲಿಗೆ ಸ್ವಂತ ನೌಕಾಪಡೆಯ ಆಸೆ ಮುಗಿಯಿತು. ಕಡಲಿಗೆ ಫ್ರೆಂಚರನ್ನೇ ನಂಬಬೇಕಾಯಿತು.

ಇಂಗ್ಲಿಷರ ಮೇಲೆ ಅವರಿಗೆ ಸಿಟ್ಟು ಬರಲು ಕಾರಣವಿತ್ತು. 1769ರಲ್ಲಿ ಮದ್ರಾಸಿನ ಬಾಗಿಲಿಗೇ ಕುದುರೆ ತಂದು ನಿಲ್ಲಿಸಿ, ಒಬ್ಬರಿಗೊಬ್ಬರು ನೆರವಾಗಬೇಕು ಅಂತ ಒಪ್ಪಂದ ಬರೆಸಿಕೊಂಡಿದ್ದರು. ಎರಡೇ ವರ್ಷದಲ್ಲಿ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಮದ್ರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದರು. ಅದು ಫ್ರೆಂಚರ ಊರು ನಿಜ, ಆದರೆ ಹೈದರಿಗೆ ಬಂದೂಕು ಮದ್ದು ಬರುತ್ತಿದ್ದ ಬಾಗಿಲೂ ಅದೇ.

1780ರ ಜುಲೈಯಲ್ಲಿ ಅಂದಾಜು 80 ಸಾವಿರದ ದಂಡು ಕಣಿವೆ ಇಳಿದು ಕರ್ನಾಟಿಕ್ ಸೀಮೆಗೆ ಹೋಯಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಪೂರ್ತಿ ನೆಲಕಚ್ಚಿತು. ಆರ್ಕಾಟು ಬಿತ್ತು. ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ ಮೂರೂ ಒಂದಾಗಿ ಇಂಗ್ಲಿಷರ ವಿರುದ್ಧ ನಿಂತದ್ದೂ ಆಗಲೇ. ಆದರೆ ಈ ಕೂಟ ಬಹಳ ದಿನ ಬಾಳಲಿಲ್ಲ. ನಿಜಾಮನನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಬೇಗನೆ ತಣ್ಣಗೆ ಮಾಡಿದ. 1781ರ ಜುಲೈ 1ರಂದು ಪೋರ್ಟೊ ನೊವೊದಲ್ಲಿ ಮುದುಕ ಜನರಲ್ ಕೂಟ್ ಹೈದರರನ್ನೇ ಸೋಲಿಸಿದ. ಹಾಗಂತ ಹೈದರ್ ಹಿಮ್ಮೆಟ್ಟಲಿಲ್ಲ. ಸುತ್ತಲಿನ ಹಳ್ಳಿ ಸುಟ್ಟು, ಮೇವು ಅಕ್ಕಿ ಸಿಗದ ಹಾಗೆ ಮಾಡಿ ಇಂಗ್ಲಿಷ್ ಪಡೆಯನ್ನು ಹಸಿವಿನಿಂದ ಕಟ್ಟಿಹಾಕಿದರು. ಅಲ್ಲಿನ ರೈತರ ಪಾಡು ಏನಾಯಿತು ಅನ್ನುವುದನ್ನೂ ನಾವು ಮರೆಯಬಾರದು.

1782ರಲ್ಲಿ ಫ್ರೆಂಚ್ ಅಡ್ಮಿರಲ್ ಸಫ್ರೆನ್ ಬಂದ. ಹ್ಯೂಸ್‌ನೊಂದಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಕಾದಾಡಿದ, ಒಂದರಲ್ಲೂ ಸೋತು ಓಡಲಿಲ್ಲ. ಜುಲೈಯಲ್ಲಿ ಕಡಲೂರಿನಲ್ಲಿ ಹೈದರ್ ಅವನನ್ನು ಭೇಟಿಯಾದರು. ತಮಗೆ ಬೇಕಿದ್ದಂಥ ಮನುಷ್ಯ ಕೊನೆಗೂ ಸಿಕ್ಕಿದ ಅಂತ ಅವರಿಗೆ ಅನ್ನಿಸಿರಬೇಕು. ಫ್ರೆಂಚರ ಹೆಚ್ಚಿನ ಭೂಸೈನ್ಯ ಹಳೆಯ ಜನರಲ್ ಬುಸ್ಸಿಯ ಜೊತೆ ಬರಬೇಕಿತ್ತು. ಅದನ್ನೇ ಕಾಯುತ್ತಿರುವಾಗ ಡಿಸೆಂಬರ್ ಬಂತು.

ಮರಣದ ಸುದ್ದಿಯನ್ನು ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾಯರು ಹೊರಗೆ ಬಿಡಲಿಲ್ಲ. ನವಾಬರಿಗೆ ಮೈ ಸರಿಯಿಲ್ಲ, ಅಷ್ಟೇ ಅಂತ ಹೇಳಿದರು. ಮಯ್ಯತ್ತನ್ನು ಖಜಾನೆಯ ಪೆಟ್ಟಿಗೆಯ ಹಾಗೆ ಕಾಣುವ ಪೆಟ್ಟಿಗೆಯಲ್ಲಿಟ್ಟು, ಕಾವಲಿನೊಂದಿಗೆ ಕೋಲಾರಕ್ಕೆ ಕಳಿಸಿ, ತಂದೆ ಫತೆಹ್ ಮುಹಮ್ಮದರ ಗೋರಿಯ ಬಳಿ ತಾತ್ಕಾಲಿಕವಾಗಿ ದಫನ ಮಾಡಿಸಿದರು. ಚಿಕ್ಕ ಮಗ ಅಬ್ದುಲ್ ಕರೀಮರನ್ನು ಗದ್ದಿಗೆ ಕೂರಿಸುವ ಒಂದು ಸಂಚೂ ನಡೆಯಿತು, ಸಂಚು ಮಾಡಿದವರಿಗೆ ಬೇಡಿ ಬಿತ್ತು. ದೊಡ್ಡ ಮಗ ಟಿಪ್ಪು ಆಗ ಮಲಬಾರಿನ ಪೊನ್ನಾನಿಯಲ್ಲಿ ಇಂಗ್ಲಿಷ್ ತುಕಡಿಯೊಂದನ್ನು ಮೂಲೆಗೊತ್ತಿ ನಿಂತಿದ್ದರು. ಸುದ್ದಿ ತಲುಪಿದ್ದೇ, ಎಲ್ಲ ಅಲ್ಲೇ ಬಿಟ್ಟು ಪೂರ್ವಕ್ಕೆ ಹೊರಟರು. ಜನವರಿ ಆರಂಭದಲ್ಲಿ ಯಾವ ಆಡಂಬರವೂ ಇಲ್ಲದೆ ಬಿಡಾರ ಸೇರಿದರು. ಮದ್ರಾಸಿನವರಿಗೆ ಸುದ್ದಿ ಗೊತ್ತಾಗಿತ್ತು. ಆದರೆ ಅವರ ಜನರಲ್ ಸ್ಟುಅರ್ಟ್ ನಂಬಲೂ ಇಲ್ಲ, ಹೊರಡಲೂ ಇಲ್ಲ. ಆ ನಾಲ್ಕು ವಾರ ದಂಡು ಚದುರದೆ ಉಳಿದದ್ದು ಒಬ್ಬ ಮುಸ್ಲಿಂ ನವಾಬನ ಬ್ರಾಹ್ಮಣ ಮಂತ್ರಿಗಳಿಂದ ಅನ್ನುವುದನ್ನು ಇವತ್ತಿನ ದಿನಗಳಲ್ಲಿ ಒಂದು ಸಲ ಹೇಳಿಬಿಡುವುದು ಒಳ್ಳೆಯದು.

ಸೈನ್ಯವೇನೋ ಉಳಿಯಿತು. ಕೈಬಿಟ್ಟು ಹೋದದ್ದು ಬೇರೆ. ಮೊದಲನೆಯದು ಪುಣೆ. ಮರಾಠರು ಇಂಗ್ಲಿಷರ ಜೊತೆ ಮೇ ತಿಂಗಳಲ್ಲೇ ಸಾಲ್ಬಾಯಿ ಒಪ್ಪಂದ ಮಾಡಿದ್ದರೂ ನಾನಾ ಫಡ್ನವೀಸ್ ಅದಕ್ಕೆ ಮೊಹರು ಒತ್ತದೆ ಏಳು ತಿಂಗಳು ಎಳೆದಿದ್ದರು; ಹೈದರ್ ಗೆದ್ದರೆ ಆಚೆ, ಸೋತರೆ ಈಚೆ ಅನ್ನುವ ಲೆಕ್ಕ. ಹೈದರ್ ಸತ್ತ ಮೇಲೆ ಮೊಹರು ಬಿತ್ತು. ಎರಡನೆಯದು ಕರಾವಳಿ. ಬಿದನೂರಿನಲ್ಲಿದ್ದ ಅಯಾಜ್ ಹೈದರರ ಪ್ರೀತಿಯ ಮನುಷ್ಯ, ಟಿಪ್ಪುವನ್ನು ಕಂಡರೆ ಆಗದು. ಯಜಮಾನ ಹೋದ ಮೇಲೆ ತನ್ನ ತಲೆ ಉಳಿಯದು ಅಂತ ಜನವರಿಯಲ್ಲಿ ಬಿದನೂರನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿಯೇಬಿಟ್ಟ. ಮಾರ್ಚ್‌ನಲ್ಲಿ ಮಂಗಳೂರೂ ಹೋಯಿತು. ಅದನ್ನು ಬಿಡಿಸಲು ಟಿಪ್ಪು ಕರ್ನಾಟಿಕ್ ಬಿಟ್ಟು ಪಶ್ಚಿಮಕ್ಕೆ ಬರಲೇಬೇಕಾಯಿತು.

ಬುಸ್ಸಿ ಬಂದಿಳಿದದ್ದು ಅದೇ ಮಾರ್ಚ್‌ನಲ್ಲಿ! ಯಾರ ಜೊತೆ ಸೇರಿ ಮದ್ರಾಸಿನ ಮೇಲೆ ಹೋಗಬೇಕೋ ಅವರ ಮುಖ್ಯ ಸೈನ್ಯ ಮಲೆನಾಡಿನ ಕಡೆ ಹೊರಟಿತ್ತು. ಜೂನ್‌ನಲ್ಲಿ ಸ್ಟುಅರ್ಟ್ ಕಡಲೂರಿಗೆ ಮುತ್ತಿಗೆ ಹಾಕಿದಾಗ ಸಫ್ರೆನ್ ಹ್ಯೂಸ್‌ನನ್ನು ಓಡಿಸಿ, ಸ್ಟುಅರ್ಟನಿಗೆ ಕಡಲ ದಾರಿ ಮುಚ್ಚಿದ. ಮುಂದೆ ಬುಸ್ಸಿ, ಬದಿಯಲ್ಲಿ ಸಫ್ರೆನ್. ಬೆನ್ನಿಗೆ ಹೈದರರ ಕುದುರೆಪಡೆ ಪೂರ್ತಿ ಇದ್ದಿದ್ದರೆ ಮದ್ರಾಸಿನ ಆ ಸೈನ್ಯ ಮನೆಗೆ ಮರಳುತ್ತಿರಲಿಲ್ಲ ಅಂತಲೇ ನಮಗೆ ಕಾಣುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಇಂಗ್ಲೆಂಡ್ ಫ್ರಾನ್ಸ್ ನಡುವೆ ಸಂಧಿಯ ಕರಡಿಗೆ ಸಹಿ ಬಿದ್ದದ್ದು 1783ರ ಜನವರಿ 20ರಂದು, ಹೈದರ್ ಕಣ್ಣು ಮುಚ್ಚಿ ಬರೀ 44 ದಿನಕ್ಕೆ. ಸುದ್ದಿ ಹಡಗಿನಲ್ಲಿ ಕಡಲೂರು ಮುಟ್ಟುವಾಗ ಜೂನ್ ಕೊನೆ. ಹೈದರ್ ಬದುಕಿದ್ದರೂ ಆ ಕಾಗದ ಬರುತ್ತಿತ್ತು, ಫ್ರೆಂಚರು ಕತ್ತಿ ಒರೆಗೆ ಹಾಕುತ್ತಿದ್ದರು. ಭಾರತವೇ ಫ್ರೆಂಚರದ್ದಾಗುತ್ತಿತ್ತು ಅನ್ನುವವರ ಮಾತನ್ನು ಹಾಗಾಗಿ ನಾವು ಒಪ್ಪುವುದಿಲ್ಲ. ಬದಲಾಗುತ್ತಿದ್ದದ್ದು ಆ ಕಾಗದ ಬಂದ ದಿನ ಯಾರ ಕೈಯಲ್ಲಿ ಏನಿರುತ್ತಿತ್ತು ಎಂಬುದು. ಸೈನ್ಯ ಕಳಕೊಂಡ ಮದ್ರಾಸು, ಇನ್ನೂ ಮೊಹರು ಒತ್ತದ ಪುಣೆ, ಕೈಬಿಡದ ಬಿದನೂರು, ಇಷ್ಟನ್ನು ಇಟ್ಟುಕೊಂಡು ಹೈದರ್ ಮಾತುಕತೆಗೆ ಕೂರುತ್ತಿದ್ದರು. 1790ರಲ್ಲಿ ಮರಾಠರು, ನಿಜಾಮ, ಇಂಗ್ಲಿಷರು ಮೂವರೂ ಸೇರಿ ಮೈಸೂರಿನ ಮೇಲೆ ಬಂದರಲ್ಲ, ಆ ಧೈರ್ಯ ಅಷ್ಟು ಸುಲಭಕ್ಕೆ ಬರುತ್ತಿತ್ತೇ?

ಮತ್ತೆ, ಮಂಗಳೂರಿಗೆ ಆ ಮುತ್ತಿಗೆಯೂ ಇರುತ್ತಿರಲಿಲ್ಲ. 1783ರ ಮೇ ತಿಂಗಳಿನಿಂದ ಮರುವರ್ಷ ಜನವರಿ ಕೊನೆಯ ತನಕ, ಒಂದು ಇಡೀ ಮಳೆಗಾಲ ಕೋಟೆ ಸುತ್ತುವರಿದಿತ್ತು. ಒಳಗಿದ್ದ ಕರ್ನಲ್ ಕ್ಯಾಂಬೆಲ್‌ನ ಸಿಪಾಯಿಗಳು ಹಸಿವು, ಕಾಯಿಲೆಯಿಂದ ಸತ್ತರು. ಮುತ್ತಿಗೆ ಹಾಕುತ್ತಿದ್ದವರ ಜೊತೆಗಿದ್ದ ಫ್ರೆಂಚರು ಸಂಧಿಯ ಸುದ್ದಿ ಬಂದದ್ದೇ ನಡುವಲ್ಲೇ ಎದ್ದು ಹೋದರು. ಕೋಟೆ ಕೈಸೇರಿದ ಮೇಲೆ, 1784ರ ಮಾರ್ಚ್ 11ರಂದು ಮಂಗಳೂರಿನಲ್ಲೇ ಒಪ್ಪಂದವಾಯಿತು. ಹಿಡಿದ ಊರುಗಳನ್ನು ಇಬ್ಬರೂ ಹಿಂದಿರುಗಿಸಿ, ಯುದ್ಧಕ್ಕೆ ಮೊದಲು ಇದ್ದಲ್ಲಿಗೇ ಬಂದು ನಿಂತರು.

ಹೈದರರ ದೇಹವನ್ನು ಆಮೇಲೆ ಕೋಲಾರದಿಂದ ಶ್ರೀರಂಗಪಟ್ಟಣಕ್ಕೆ ತಂದರು. ಟಿಪ್ಪು ಕಟ್ಟಿಸಿದ ಗುಂಬಜ್‌ನಲ್ಲಿ ಈಗ ತಂದೆ, ತಾಯಿ, ಮಗ ಮೂವರ ಗೋರಿಗಳೂ ಒಟ್ಟಿಗೆ ಇವೆ.