ಭೂಲೋಕಮಲ್ಲ ಸೋಮೇಶ್ವರನ ಮತ್ಸ್ಯವಿನೋದ

ನಮ್ಮ ಪಠ್ಯಪುಸ್ತಕಗಳಲ್ಲಿ ಅರಸರಿಗೆ ದೊರೆಯುವ ಸ್ಥಳವು ಅವರು ಮಾಡಿದ ಯುದ್ಧಗಳಿಗೆ ತಕ್ಕಂತೆ ಇರುತ್ತದೆ. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನಿಗೆ ಪುಟಗಟ್ಟಲೆ ವಿವರಣೆ ಉಂಟು. ಅವನ ಮಗ ಮೂರನೆಯ ಸೋಮೇಶ್ವರನಿಗೆ ಐದಾರು ಸಾಲು ಮೀಸಲು. ಪಂಡಿತನಾಗಿದ್ದನು, ಶಾಂತಿಪ್ರಿಯನಾಗಿದ್ದನು, ಅವನ ಕಾಲದಲ್ಲಿ ಸಾಮ್ರಾಜ್ಯವು ಸಡಿಲಗೊಂಡಿತು ಎಂಬುದು ಆ ಸಾಲುಗಳ ತಾತ್ಪರ್ಯ. ಪರೀಕ್ಷೆಯ ಟಿಪ್ಪಣಿಗೆ ಇಷ್ಟು ಸಾಕು. ಆದರೆ ಈ ದೊರೆಯು ಬರೆದ ಮಹಾಗ್ರಂಥದಲ್ಲಿ ಗಾಳ ಹಾಕಿ ಮೀನು ಹಿಡಿಯುವುದನ್ನು ಕುರಿತ ಒಂದು ಪ್ರಕರಣವೇ ಇದೆಯೆಂದು ತಿಳಿದಂದಿನಿಂದ ಅವನ ವಿಷಯದಲ್ಲಿ ನನಗೆ ವಿಶೇಷ ಕುತೂಹಲ ಹುಟ್ಟಿತು. ನಾನು ಯರಗೇರಾದವನು. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಹಳೆಯ ಶಾಸನಗಳು ಎಡೆದೊರೆ ಎಂದು ಕರೆದ ಈ ನಾಡಿನಲ್ಲಿ ಗಾಳ, ಬಲೆ, ಹರಿಗೋಲುಗಳನ್ನು ಕಾಣದೆ ಬೆಳೆದವರು ಕಡಿಮೆ. ಕಲ್ಯಾಣದ ಚಕ್ರವರ್ತಿಯೊಬ್ಬನು ಇದೇ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟನೆಂದರೆ ಅವನಾರೆಂದು ವಿಚಾರಿಸುವುದು ನಮಗೆ ಸಹಜವೇ ಆಗಿದೆ.

ಸೋಮೇಶ್ವರನ ತಂದೆ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿ, ಹಳೆಯ ಶಕವರ್ಷದ ಬದಲು ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷವನ್ನೇ ನಡೆಯಿಸಿದ ಪ್ರತಾಪಶಾಲಿ. ಅವನ ಆಳ್ವಿಕೆ ಐವತ್ತು ವರ್ಷ ಸಾಗಿತು. ಇಂದು ಬಸವಕಲ್ಯಾಣವೆಂದು ಹೆಸರಾಗಿರುವ ಬೀದರ ಜಿಲ್ಲೆಯ ಊರು ಆಗ ಭರತಖಂಡದ ದೊಡ್ಡ ರಾಜಧಾನಿಗಳಲ್ಲಿ ಒಂದು. ಕಾಶ್ಮೀರದಿಂದ ಬಂದ ಬಿಲ್ಹಣನು ಅಲ್ಲಿ ದೊರೆಯ ಚರಿತೆಯನ್ನು ಕಾವ್ಯವಾಗಿ ರಚಿಸಿದನು. ವಿಜ್ಞಾನೇಶ್ವರನು ಅಲ್ಲಿಯೇ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ಆ ಗ್ರಂಥದ ಮಾತು ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಇಂಥ ಆಸ್ಥಾನದಲ್ಲಿ ರಾಜಕುಮಾರನು ಬೆಳೆದನು. ಕತ್ತಿಯ ಕೀರ್ತಿಯನ್ನು ತಂದೆಯು ಮೊದಲೇ ಗಳಿಸಿಯಾಗಿತ್ತು. ಮಗನ ಕಿವಿಯ ಮೇಲೆ ಬಿದ್ದುದು ಪಂಡಿತರ ಚರ್ಚೆ.

1126ರಲ್ಲಿ ಸೋಮೇಶ್ವರನು ಸಿಂಹಾಸನವನ್ನೇರಿದನು. ಅರ್ಧ ಶತಮಾನ ಆಳಿದ ತಂದೆಯ ಮಗನು ಪಟ್ಟಕ್ಕೆ ಬರುವಾಗ ಎಳೆಯ ವಯಸ್ಸಿನವನಾಗಿರಲಾರನು. ಭೂಲೋಕಮಲ್ಲನೆಂಬ ಬಿರುದನ್ನು ಧರಿಸಿದನು. ಪಂಡಿತರು ಅವನನ್ನು ಸರ್ವಜ್ಞ ಚಕ್ರವರ್ತಿಯೆಂದು ಕರೆದರು. ನರ್ಮದೆಯ ತೀರದಿಂದ ದಕ್ಷಿಣಕ್ಕೆ ಹಬ್ಬಿದ ರಾಜ್ಯ ಅವನ ಕೈಗೆ ಬಂದಿತ್ತು. ಆದರೆ ಆ ರಾಜ್ಯದ ಅಂಚುಗಳೆಲ್ಲ ಬಿಗಿ ಕಳೆದುಕೊಳ್ಳತೊಡಗಿದ್ದವು. ಪೂರ್ವದಲ್ಲಿ ವೇಂಗಿಯು ಚೋಳರ ಕಡೆಗೆ ಮರಳಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ವಿಕ್ರಮಾದಿತ್ಯನ ಕಾಲದಲ್ಲಿಯೇ ತಲೆಯೆತ್ತಿ, ಸೋತು, ತಗ್ಗಿದ್ದವನು. ಈಗ ಮತ್ತೆ ಸಾವಕಾಶವಾಗಿ ತನ್ನ ಎಲ್ಲೆಯನ್ನು ಬೆಳೆಸತೊಡಗಿದನು. ಹೆಸರಿಗೆ ಮಾತ್ರ ಚಾಲುಕ್ಯರ ಮಹಾಮಂಡಲೇಶ್ವರನಾಗಿಯೇ ಉಳಿದನು. ಆ ಹೆಸರು ಉಳಿದಿದ್ದಷ್ಟಕ್ಕೇ ಸೋಮೇಶ್ವರನು ತೃಪ್ತನಾದಂತೆ ತೋರುತ್ತದೆ. ತಂದೆಯ ಹಾಗೆ ದಂಡೆತ್ತಿ ಹೋಗಿ ಬಗ್ಗುಬಡಿಯುವ ಉತ್ಸಾಹವನ್ನು ಅವನು ತೋರಲಿಲ್ಲ.

ಅವನ ಉತ್ಸಾಹವೆಲ್ಲ ಹರಿದದ್ದು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದ ಕಡೆಗೆ. ಅಭಿಲಷಿತಾರ್ಥ ಚಿಂತಾಮಣಿಯೆಂಬುದು ಅದರ ಇನ್ನೊಂದು ಹೆಸರು. ಗ್ರಹಗಣಿತಕ್ಕಾಗಿ ಅದರಲ್ಲಿ ಶಕವರ್ಷ 1051ನ್ನು, ಎಂದರೆ ಕ್ರಿಸ್ತಶಕ 1129ನ್ನು, ಆಧಾರವಾಗಿ ಹಿಡಿದಿರುವುದರಿಂದ ಅದರ ಕಾಲ ನಮಗೆ ತಿಳಿಯುತ್ತದೆ. ಪಟ್ಟಕ್ಕೆ ಬಂದ ಮೂರು ನಾಲ್ಕು ವರ್ಷಗಳೊಳಗಿನ ಕೆಲಸವದು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು, ಸುಮಾರು 8000 ಶ್ಲೋಕಗಳು. ರಾಜ್ಯವನ್ನು ಪಡೆಯುವುದು, ಪಡೆದುದನ್ನು ನಿಲ್ಲಿಸಿಕೊಳ್ಳುವುದು, ಅನಂತರ ಉಪಭೋಗ, ವಿನೋದ, ಕ್ರೀಡೆ - ಇದು ಅದರ ಕ್ರಮ. ಆನೆಯ ಲಕ್ಷಣ, ಚಿತ್ರಕಲೆ, ಸಂಗೀತ, ರತ್ನಪರೀಕ್ಷೆ, ವೈದ್ಯ ಎಲ್ಲವೂ ಅದರಲ್ಲಿ ಉಂಟು. ನಾವು ಹಾಸ್ಟೆಲಿನಲ್ಲಿ ತಿನ್ನುವ ಇಡ್ಲಿ ದೋಸೆಗಳ ಹಿರಿಯರೂ ಇಡ್ಡರಿಕಾ, ಧೋಸಕ ಎಂಬ ಹೆಸರಿನಿಂದ ಅದರ ಅನ್ನಭೋಗದಲ್ಲಿ ಕುಳಿತಿದ್ದಾರೆ. ತಂದೆಯ ಚರಿತೆಯನ್ನು ಕುರಿತು ವಿಕ್ರಮಾಂಕಾಭ್ಯುದಯವೆಂಬ ಗದ್ಯಗ್ರಂಥವನ್ನೂ ಅವನು ಬರೆದನು. ಅದು ಅಪೂರ್ಣವಾಗಿ ದೊರೆತಿದೆ.

ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಬರುವುದು ಮತ್ಸ್ಯವಿನೋದ. ಇಲ್ಲಿ ಸೋಮೇಶ್ವರನು ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ ವಿಂಗಡಿಸುತ್ತಾನೆ. ಕಡಲಿನವು, ನದಿಯವು, ಹುರುಪೆಯುಳ್ಳವು, ಬರಿಯ ಚರ್ಮದವು, ದೊಡ್ಡವು, ಸಣ್ಣವು. ರೋಹಿತ, ಪಾಠೀನ ಮೊದಲಾದ ಹೆಸರುಗಳು ಅದರಲ್ಲಿ ಬರುತ್ತವೆ. ಯಾವ ಮೀನು ಯಾವ ಆಹಾರಕ್ಕೆ ಬರುತ್ತದೆ, ಅದಕ್ಕೆ ಹಿಟ್ಟಿನ ಉಂಡೆಗಳನ್ನು ಹೇಗೆ ಕಟ್ಟಬೇಕು, ಅವುಗಳನ್ನು ನೀರಿಗೆ ಹಾಕುತ್ತ ಮೀನನ್ನು ಒಂದು ಸ್ಥಳಕ್ಕೆ ಹೇಗೆ ರೂಢಿ ಮಾಡಬೇಕು ಎಂಬುದನ್ನು ವಿವರಿಸುತ್ತಾನೆ. ಆಮೇಲೆ ದಾರ, ಕೋಲು, ಗಾಳಗಳ ವಿಚಾರ. ಕೊನೆಗೆ ಎಲ್ಲಕ್ಕಿಂತ ನಾಜೂಕಾದ ಮಾತು: ಮೀನು ಗಾಳವನ್ನು ನುಂಗಿದ ಮೇಲೆ ಕೈ ಏನು ಮಾಡಬೇಕು? ಎಳೆಯುವ ಮೀನಿಗೆ ದಾರ ಬಿಡಬೇಕು, ದಣಿದಾಗ ಸೆಳೆಯಬೇಕು. ಬಿಗಿ ಹೆಚ್ಚಾದರೆ ದಾರ ಹರಿಯುತ್ತದೆ. ಸಡಿಲ ಹೆಚ್ಚಾದರೆ ಮೀನು ಗಾಳವನ್ನು ಕೊಡಹಿ ಹೋಗುತ್ತದೆ. ಈ ಎರಡರ ನಡುವಣ ಹದವೇ ಈ ವಿನೋದದ ಜೀವ.

ಆಂಗ್ಲ ಭಾಷೆಯಲ್ಲಿ ಗಾಳದ ಮೀನುಗಾರಿಕೆಯನ್ನು ಕುರಿತು ಅಚ್ಚಾದ ಮೊದಲ ಪ್ರಬಂಧ 1496ರದು. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ ಹೊರಬಂದದ್ದು 1653ರಲ್ಲಿ. ನಮ್ಮ ಕಲ್ಯಾಣದ ಅರಸನು ಮೊದಲನೆಯದಕ್ಕಿಂತ 350 ವರ್ಷಗಳಿಗೂ ಹಿಂದಿನವನು. ಇದನ್ನು ಬರಿಯ ಹೆಮ್ಮೆಗಾಗಿ ನಾನು ಹೇಳುತ್ತಿಲ್ಲ. ಮೀನುಗಳ ಶಾಸ್ತ್ರದಲ್ಲಿ ಪ್ರಮಾಣಪುರುಷರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಾಣಿಶಾಸ್ತ್ರಜ್ಞರೊಬ್ಬರು ತಮ್ಮ ಶಾಸ್ತ್ರದ ದೃಷ್ಟಿಯಿಂದ ಎತ್ತಿಕೊಂಡು ಓದುವಷ್ಟು ಸತ್ತ್ವ ಅದರಲ್ಲಿ ಇದ್ದಿತು.

ಸೋಮೇಶ್ವರನ ವಿಧಾನದಲ್ಲಿ ಬೇಟೆಗಾರನು ಕುಳಿತಿರುತ್ತಾನೆ, ಮೀನು ಅವನ ಬಳಿಗೆ ಬರುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯುಂಟು. ಅದರಲ್ಲಿ ಗಾಳವನ್ನು ದೋಣಿಯ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಅಮೆರಿಕದ ದೊಡ್ಡ ಸರೋವರಗಳಲ್ಲಿ ವಾಲ್‌ಐ ಎಂಬ ಮೀನನ್ನು ಹಿಡಿಯುವವರು ಮೋಟಾರು ದೋಣಿಯನ್ನು ಗಂಟೆಗೆ ಒಂದೆರಡು ಮೈಲಿಯ ವೇಗದಲ್ಲಿ ನಡೆಯಿಸುತ್ತಾರೆ. ವೇಗ ಸ್ವಲ್ಪ ಹೆಚ್ಚಿದರೆ ದಾರ ಮೇಲಕ್ಕೆದ್ದು ಎರೆಯು ಮೀನಿನ ತಲೆಯ ಮೇಲೆ ಹಾದುಹೋಗುತ್ತದೆ. ತಗ್ಗಿದರೆ ಕೆಳಕ್ಕಿಳಿದು ಕಲ್ಲಿಗೆ ಸಿಕ್ಕುತ್ತದೆ. ಗಾಳಿ ದೋಣಿಯನ್ನು ತಳ್ಳುವಾಗ ವೇಗ ತಗ್ಗಿಸಲೆಂದು ಬಟ್ಟೆಯ ಚೀಲವನ್ನು ನೀರಿನಲ್ಲಿ ಎಳೆಯಬಿಡುವ ಉಪಾಯವನ್ನೂ ಅವರು ಮಾಡುತ್ತಾರೆ.

ನಮ್ಮ ಹರಿಗೋಲಿಗೆ ಮೋಟಾರಿಲ್ಲ, ಚುಕ್ಕಾಣಿಯಿಲ್ಲ, ಮುಂದು ಹಿಂದು ಎಂಬುದೂ ಇಲ್ಲ. ಬಿದಿರಿನ ದುಂಡು ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಈಗ ಡಾಂಬರು ಬಳಿದ ಗೋಣಿ ಅಥವಾ ಪ್ಲಾಸ್ಟಿಕ್ ಹಾಳೆ. ಸುಮ್ಮನೆ ಬಿಟ್ಟರೆ ತಾನೇ ಬುಗುರಿಯಂತೆ ಸುತ್ತುತ್ತದೆ. ಕೃಷ್ಣೆಯ ನಡುಗಡ್ಡೆಯಾದ ಕುರುವಗಡ್ಡೆಗೆ ಹೋಗುವಾಗ ಹುಟ್ಟು ಹಾಕುತ್ತಿದ್ದ ಮುತ್ಯಾನ ಕೈಯನ್ನೇ ನಾನು ನೋಡುತ್ತ ಕುಳಿತಿದ್ದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೀರನ್ನು ತನ್ನ ಕಡೆಗೆ ಬಾಚಿಕೊಂಡು ಬುಟ್ಟಿಯ ಸುತ್ತನ್ನು ತಡೆಯುತ್ತಿದ್ದನು. ತಲುಪಬೇಕಾದ ದಡಕ್ಕೆ ನೇರವಾಗಿ ಹೊರಡದೆ ಬಹಳ ಮೇಲಿನಿಂದ ಹೊರಟು, ಹೊಳೆಯ ಸೆಳವಿಗೆ ಅದರ ಪಾಲನ್ನು ಕೊಟ್ಟು, ಓರೆಯಾಗಿ ದಾಟಿಸಿದನು. ಹರಿಗೋಲಿನಿಂದ ಗಾಳ ಬಿಡುವುದರ ಮರ್ಮವೂ ಇದರಲ್ಲಿಯೇ ಇದೆ. ಬುಟ್ಟಿಯು ನೀರಿನ ವೇಗದಲ್ಲಿಯೇ ತೇಲಿದರೆ ದಾರವು ಸತ್ತಂತೆ ಜೋತುಬೀಳುತ್ತದೆ. ಏಕೆಂದರೆ ನೀರು, ಬುಟ್ಟಿ, ಎರೆ ಮೂರೂ ಜೊತೆಯಾಗಿ ಸಾಗುತ್ತಿರುತ್ತವೆ. ಹುಟ್ಟಿನಿಂದ ಬುಟ್ಟಿಯನ್ನು ಕೊಂಚ ಹಿಂದಕ್ಕೆ ತಡೆದು ಹಿಡಿದಾಗಲೇ ಪ್ರವಾಹವು ಎರೆಯ ಮೇಲೆ ಕೆಲಸ ಮಾಡಿ ಅದಕ್ಕೆ ಜೀವ ಬರುತ್ತದೆ. ಪೂರ್ತಿ ನಿಲ್ಲಿಸಲು ಹೋದರೆ ಕೈ ಸೋಲುತ್ತದೆ, ಬುಟ್ಟಿ ತಿರುಗುತ್ತದೆ. ಅಮೆರಿಕದವನು ಚೀಲ ಕಟ್ಟಿ ಸಾಧಿಸುವುದನ್ನು ನಮ್ಮವರು ತೋಳಿನಿಂದ ಸಾಧಿಸುತ್ತಾರೆ. ದಾರದಲ್ಲಾಗಲಿ ದೋಣಿಯಲ್ಲಾಗಲಿ ಬೇಕಾದುದು ಸೋಮೇಶ್ವರನು ಹೇಳಿದ ಆ ಹದವೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚಕ್ರವರ್ತಿಗೆ ಇದನ್ನೆಲ್ಲ ಕಲಿಸಿದವರು ಯಾರು? ಯಾವ ಮೀನಿಗೆ ಯಾವ ಎರೆ, ಯಾವ ದಾರ ಎಷ್ಟು ತಡೆದೀತು ಎಂಬ ತಿಳಿವಳಿಕೆ ಅರಮನೆಯ ಪಾಠಶಾಲೆಯಲ್ಲಿ ಹುಟ್ಟುವಂಥದಲ್ಲ. ನೀರಿನಲ್ಲಿ ದುಡಿದ ಬೆಸ್ತರ, ಅಂಬಿಗರ ಬಾಯಿಂದ ಬಂದ ಮಾತುಗಳೇ ಶ್ಲೋಕವಾಗಿರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅವರ ಹೆಸರುಗಳು ಗ್ರಂಥದಲ್ಲಿಲ್ಲ. ಆದರೂ ಅವರ ಕಸುಬನ್ನು ಕೀಳೆಂದು ಎಣಿಸದೆ, ರತ್ನಪರೀಕ್ಷೆ ಸಂಗೀತಗಳಿರುವ ಗ್ರಂಥದಲ್ಲಿಯೇ ಅದಕ್ಕೆ ಸ್ಥಾನ ಕೊಟ್ಟುದು ಈ ಅರಸನ ದೊಡ್ಡತನ. ಮುಂದಿನ ತಲೆಮಾರಿನಲ್ಲಿ, ಬಸವಣ್ಣನವರ ಕಾಲದ ಶರಣರ ನಡುವೆ, ದೋಣಿ ನಡೆಯಿಸುವ ಕಾಯಕದ ಅಂಬಿಗರ ಚೌಡಯ್ಯನವರು ತಮ್ಮ ಹೆಸರಿನಲ್ಲಿಯೇ, ಕನ್ನಡದಲ್ಲಿಯೇ, ಯಾರಿಗೂ ಅಂಜದೆ ವಚನಗಳನ್ನು ನುಡಿದರು. ಅರಸನು ಸಂಸ್ಕೃತದಲ್ಲಿ ಅಂಬಿಗರ ವಿದ್ಯೆಯನ್ನು ಬರೆದ ಶತಮಾನದಲ್ಲಿಯೇ ಅಂಬಿಗನೇ ಬಾಯಿ ತೆರೆದುದು ಕನ್ನಡ ನಾಡಿನ ಭಾಗ್ಯವೆನ್ನಬೇಕು.

ಸೋಮೇಶ್ವರನು 1138ರಲ್ಲಿ ತೀರಿಕೊಂಡನು. ಅವನ ಮಕ್ಕಳಾದ ಇಮ್ಮಡಿ ಜಗದೇಕಮಲ್ಲ, ಮುಮ್ಮಡಿ ತೈಲಪರು ಒಬ್ಬರ ಅನಂತರ ಒಬ್ಬರು ಆಳಿದರು. 1157ರ ಸುಮಾರಿಗೆ ಕಳಚೂರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಶತಮಾನವು ಮುಗಿಯುವುದರೊಳಗೆ ಚಾಲುಕ್ಯ ರಾಜ್ಯವು ಹೊಯ್ಸಳರ, ಸೇವುಣರ, ಕಾಕತೀಯರ ನಡುವೆ ಹಂಚಿಹೋಯಿತು.

ಹಾಗಾದರೆ ಗಾಳದ ದಾರದಲ್ಲಿ ಬಿಗಿ ಸಡಿಲಗಳ ಹದವನ್ನು ಬಲ್ಲವನು ರಾಜ್ಯದ ದಾರದಲ್ಲಿ ಅದನ್ನು ಮರೆತನೆ? ಇತಿಹಾಸಕಾರರ ಆಕ್ಷೇಪಣೆಯನ್ನು ನಾನು ಅಲ್ಲಗಳೆಯಲಾರೆ. ವಿಷ್ಣುವರ್ಧನನಿಗೆ ಬಿಟ್ಟ ದಾರವನ್ನು ಅವನು ಮತ್ತೆ ಸೆಳೆದುಕೊಳ್ಳಲಿಲ್ಲವೆಂಬುದು ನಿಜ. ಆದರೆ ಅವನ ಪರವಾಗಿಯೂ ಒಂದು ಮಾತುಂಟು. ಐವತ್ತು ವರ್ಷಗಳ ದಂಡಯಾತ್ರೆಗಳಿಂದ ಬಿಗಿದು ಸವೆದ ದಾರವು ಅವನ ಕೈಗೆ ಬಂದಿತ್ತು. ಜೋರಾಗಿ ಎಳೆದಿದ್ದರೆ ಅವನ ಕಾಲದಲ್ಲಿಯೇ ಹರಿಯುತ್ತಿತ್ತೋ ಏನೋ. ಅವನಿದ್ದ ಹನ್ನೆರಡು ವರ್ಷ ಕಲ್ಯಾಣವು ಶತ್ರುವಿನ ಕಾಲ್ತುಳಿತಕ್ಕೆ ಸಿಕ್ಕದೆ ಉಳಿಯಿತು, ಆ ಬಿಡುವಿನಲ್ಲಿ ನೂರು ಅಧ್ಯಾಯಗಳ ಗ್ರಂಥ ಸಿದ್ಧವಾಯಿತು. ವಿಕ್ರಮಾದಿತ್ಯನು ಗೆದ್ದ ನಾಡುಗಳಲ್ಲಿ ಒಂದೂ ಆ ವಂಶಕ್ಕೆ ಉಳಿಯಲಿಲ್ಲ. ಮಗನು ಬರೆದ ಗ್ರಂಥ ಉಳಿದಿದೆ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅದರ ಸಂಪುಟಗಳು 1925, 1939, 1961ರಲ್ಲಿ ಪ್ರಕಟವಾದವು. ಮೈಸೂರಿನಲ್ಲಿಯೂ ಅದರ ಒಂದು ಭಾಗ 1926ರಲ್ಲಿ ಅಚ್ಚಾಯಿತು.

ನಮ್ಮ ಜಿಲ್ಲೆಯಲ್ಲಿ ದೇವದುರ್ಗದ ಕಡೆಗೆ ಕೃಷ್ಣೆಯುಂಟು, ಮಾನ್ವಿಯ ಕಡೆಗೆ ತುಂಗಭದ್ರೆಯುಂಟು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಹೊಳೆಯ ನಡೆ ಬದಲಾಯಿತು. ಸೇತುವೆಗಳು ಎದ್ದಂತೆ ಹರಿಗೋಲಿನ ಅಗತ್ಯವೂ ತಗ್ಗುತ್ತ ಬಂದಿದೆ. ಹುಟ್ಟು ಹಿಡಿದ ಮುಪ್ಪಿನ ಕೈಗಳು ಬಲ್ಲ ವಿದ್ಯೆ ಅವರ ಮಕ್ಕಳಿಗೆ ಬೇಕಾಗಿಲ್ಲ. ಮಕ್ಕಳು ಬೆಂಗಳೂರು ಹೈದರಾಬಾದುಗಳಿಗೆ ದುಡಿಯಲು ಹೋಗುತ್ತಿದ್ದಾರೆ. ಯಾವ ಮೀನಿಗೆ ಯಾವ ಎರೆ, ಯಾವ ಮಡುವಿನಲ್ಲಿ ಎಷ್ಟು ಸೆಳವು, ಹರಿಗೋಲನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಈಗ ಯಾರೂ ಬರೆದುಕೊಳ್ಳುತ್ತಿಲ್ಲ. 1129ರ ಸುಮಾರಿಗೆ ಒಬ್ಬ ಚಕ್ರವರ್ತಿಗೆ ಅದಕ್ಕೆ ಬಿಡುವು ದೊರೆಯಿತು. ಬೇಸಿಗೆಯ ರಜೆಯಲ್ಲಿ ಹೊಳೆಸಾಲಿನ ಹಳ್ಳಿಗಳಿಗೆ ಮರಳುವ ನಮ್ಮ ಸಹಪಾಠಿಗಳು ಒಂದು ನೋಟುಪುಸ್ತಕವನ್ನು ಹಿಡಿದು ಹಿರಿಯರ ಬಳಿ ಕುಳಿತರೆ, ಭೂಲೋಕಮಲ್ಲನ ನೂರು ಅಧ್ಯಾಯಗಳಿಗೆ ಎಡೆದೊರೆಯ ಕಡೆಯಿಂದ ಇನ್ನೊಂದು ಅಧ್ಯಾಯವನ್ನು ಸೇರಿಸಿದಂತಾದೀತು. ಈ ಸಲ ಅದರಲ್ಲಿ ಕಲಿಸಿದವರ ಹೆಸರುಗಳೂ ಇರಲಿ.