ಡಾಕ್ಟರ್ ಪಲ್ಪು: ಪಡೆದ ನೆರವನ್ನು ಮರಳಿ ನೀಡಿದ ಮಹನೀಯರು

ಕೊಯಮತ್ತೂರಿನಿಂದ ಪಶ್ಚಿಮಕ್ಕೆ ಪಯಣಿಸಿದರೆ ಪಾಲಕ್ಕಾಡಿನ ಕಣಿವೆಯನ್ನು ದಾಟಿ ಮಲೆಯಾಳ ನಾಡು. ಉತ್ತರಕ್ಕೆ ಪಯಣಿಸಿದರೆ ಸತ್ಯಮಂಗಲದ ಘಟ್ಟವನ್ನೇರಿ ಕನ್ನಡನಾಡು. ಈ ಎರಡು ನಾಡುಗಳ ನಡುವೆ ಬಾಳುತ್ತಿರುವ ನಮಗೆ, ಮಲೆಯಾಳ ನಾಡಿನಲ್ಲಿ ಜನಿಸಿ, ಮದರಾಸಿನಲ್ಲಿ ವಿದ್ಯೆಯನ್ನು ಪಡೆದು, ಕನ್ನಡನಾಡಿನಲ್ಲಿ ಸೇವೆ ಸಲ್ಲಿಸಿದ ಡಾಕ್ಟರ್ ಪಲ್ಪು ಅವರ ಚರಿತ್ರೆ ಪರಕೀಯವೆನಿಸಲಾರದು. ವೈದ್ಯರಾಗಬೇಕೆಂಬ ಆಸೆಯುಳ್ಳ ಬಡ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಂದಿರು ಅವಶ್ಯವಾಗಿ ತಿಳಿಯಬೇಕಾದ ಚರಿತ್ರೆಯಿದು.

ಪದ್ಮನಾಭನ್ ಪಲ್ಪು ಅವರು 1863ನೆಯ ಇಸವಿ ನವೆಂಬರ್ 2ರಂದು ತಿರುವನಂತಪುರದಲ್ಲಿ ಈಳವ ಮನೆತನವೊಂದರಲ್ಲಿ ಜನ್ಮವೆತ್ತಿದರು. ಆ ಕಾಲದ ತಿರುವಾಂಕೂರು ಸಂಸ್ಥಾನದಲ್ಲಿ ಈಳವರಿಗೆ ದೇವಾಲಯದ ಬಾಗಿಲೂ ಸರ್ಕಾರಿ ಉದ್ಯೋಗದ ಬಾಗಿಲೂ ಸಮಾನವಾಗಿ ಮುಚ್ಚಿದ್ದವು. ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಆದರೆ ವಿದ್ಯೆಯಲ್ಲಿ ಶ್ರದ್ಧೆಯಿತ್ತು. ಅಣ್ಣ ವೇಲಾಯುಧನ್ ಅವರು ಪದವೀಧರರಾಗಿಯೂ ಹುಟ್ಟಿದ ಊರಿನಲ್ಲಿ ಉದ್ಯೋಗ ದೊರೆಯದೆ ಮದರಾಸು ಸರ್ಕಾರದ ಸೇವೆಗೆ ಸೇರಬೇಕಾಯಿತು. ಬಾಲಕ ಪಲ್ಪುವಿಗೆ ಇಂಗ್ಲಿಷ್ ಭಾಷೆಯ ಅಡಿಪಾಯವನ್ನು ಹಾಕಿದವರು ಫೆರ್ನಾಂಡೀಸ್ ಎಂಬ ಶಿಕ್ಷಕರು. ಜಾತಿಯನ್ನು ಎಣಿಸದೆ ಅಕ್ಷರವನ್ನು ನೀಡಿದ ಆ ಗುರುವನ್ನು ಉಪಾಧ್ಯಾಯ ವೃತ್ತಿಯಲ್ಲಿರುವ ನಾವು ವಿಶೇಷ ಗೌರವದಿಂದ ನೆನೆಯುತ್ತೇವೆ.

1884ರಲ್ಲಿ ಪಲ್ಪು ಅವರು ತಿರುವಾಂಕೂರು ಸರ್ಕಾರ ನಡೆಸಿದ ವೈದ್ಯಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ಉನ್ನತ ಸ್ಥಾನದಲ್ಲಿ ತೇರ್ಗಡೆ ಹೊಂದಿದರು. ಆದರೂ ಅವರಿಗೆ ಪ್ರವೇಶ ದೊರೆಯಲಿಲ್ಲ. ಜಾತಿಯೇ ಅಡ್ಡಿಯಾಗಿತ್ತು. ಅಂಕಗಳು ತೆರೆದ ಬಾಗಿಲನ್ನು ಕುಲವು ಮುಚ್ಚಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಚೆಲ್ಲಿ ಕುಳಿತುಬಿಡುತ್ತಿದ್ದರೇನೋ. ಪಲ್ಪು ಅವರು ಮದರಾಸಿನ ವೈದ್ಯಕೀಯ ಕಾಲೇಜಿಗೆ ಹೊರಟರು. ಅನ್ಯ ಊರಿನಲ್ಲಿ ವಾಸ, ಊಟ, ಶುಲ್ಕ, ಪುಸ್ತಕ ಇವೆಲ್ಲವೂ ಹಣದ ಮಾತು. ಆ ಕಷ್ಟಕಾಲದಲ್ಲಿ ಅವರ ಕೈಹಿಡಿದು ನಡೆಸಿದ್ದು ಅಣ್ಣನ ಹಾಗೂ ಹಿತೈಷಿಗಳ ನೆರವು. ಆ ನೆರವಿನ ಬಲದಿಂದಲೇ ಅವರು ಎಲ್.ಎಂ.ಎಸ್. ಪದವಿಯನ್ನು ಗಳಿಸಿದರು.

ಪದವಿ ಪಡೆದು ಬಂದ ವೈದ್ಯರಿಗೂ ತವರು ಸಂಸ್ಥಾನದಲ್ಲಿ ಕೆಲಸ ಸಿಗಲಿಲ್ಲ. ಆಗ ಅವರಿಗೆ ಆಶ್ರಯವಿತ್ತದ್ದು ಮೈಸೂರು ಸಂಸ್ಥಾನ. ತಿಂಗಳಿಗೆ 100 ರೂಪಾಯಿ ಸಂಬಳದ ಮೇಲೆ ಅವರು ಮೈಸೂರು ಸರ್ಕಾರದ ವೈದ್ಯಕೀಯ ಸೇವೆಯನ್ನು ಸೇರಿ ಬೆಂಗಳೂರಿನಲ್ಲಿ ನೆಲಸಿದರು. ಸಿಡುಬಿನ ಹಾವಳಿಯನ್ನು ತಡೆಯುವ ಲಸಿಕೆಯ ತಯಾರಿಕೆಯಲ್ಲಿ ಅವರ ಪರಿಶ್ರಮ ಹೆಚ್ಚಿನದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಹಾಮಾರಿ ಕಾಲಿಟ್ಟಿತು. ಜನರು ಮನೆಮಠಗಳನ್ನು ತೊರೆದು ಊರ ಹೊರಗೆ ಓಡಿದ ಆ ದಿನಗಳಲ್ಲಿ ಪಲ್ಪು ಅವರು ಪ್ರಾಣಭಯವನ್ನು ಬದಿಗಿಟ್ಟು ಪ್ಲೇಗಿನ ಶಿಬಿರಗಳಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ತಮ್ಮನ್ನು ಹೊರದೂಡಿದ ನಾಡಿನ ಮೇಲಿನ ನೋವನ್ನು ತಮ್ಮನ್ನು ಬರಮಾಡಿಕೊಂಡ ನಾಡಿನ ಸೇವೆಯಲ್ಲಿ ಅವರು ಕರಗಿಸಿದರೆಂದೇ ನಾವು ಭಾವಿಸುತ್ತೇವೆ. ಉನ್ನತ ವ್ಯಾಸಂಗಕ್ಕಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದ್ದೂ ಮೈಸೂರು ಸರ್ಕಾರವೇ. ಯೋಗ್ಯತೆಯನ್ನು ಗುರುತಿಸಿ ವೆಚ್ಚವನ್ನು ವಹಿಸಿದ ಸರ್ಕಾರಕ್ಕೆ ಅದರ ಫಲವೂ ಲಭಿಸಿತು. ಆ ವಿದ್ಯೆ ಮತ್ತೆ ಕನ್ನಡನಾಡಿನ ಜನಾರೋಗ್ಯಕ್ಕೇ ಸಂದಿತು.

ಆದರೂ ತವರಿನ ಅನ್ಯಾಯವನ್ನು ಅವರು ಮರೆಯಲಿಲ್ಲ. 1891ರ ಮಲಯಾಳಿ ಮನವಿಗೆ ಸಹಿ ಹಾಕಿದ ಮೊದಲಿಗರಲ್ಲಿ ಅವರು ಮೂರನೆಯವರು. 1896ರಲ್ಲಿ 13,176 ಮಂದಿ ಈಳವರ ಸಹಿಗಳೊಡನೆ ಶಾಲಾಪ್ರವೇಶ ಹಾಗೂ ಉದ್ಯೋಗದ ಹಕ್ಕನ್ನು ಕೋರುವ ಮನವಿಯನ್ನು ಮಹಾರಾಜರಿಗೆ ಅರ್ಪಿಸಿದರು. 1903ರಲ್ಲಿ ಶ್ರೀ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಆರಂಭವಾದ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಕ್ಕೆ ಪ್ರೇರಕಶಕ್ತಿಯಾಗಿ ನಿಂತವರೂ ಇವರೇ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆಯುವ ಸಂಗತಿ ಇನ್ನೊಂದಿದೆ. ನಾರಾಯಣ ಗುರುಗಳ ಶಿಷ್ಯನಾಗಿದ್ದ ಕುಮಾರನ್ ಎಂಬ ಬಡ ತರುಣನನ್ನು 1895ರಲ್ಲಿ ಪಲ್ಪು ಅವರು ಬೆಂಗಳೂರಿಗೆ ಕರೆತಂದು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು, ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಓದಿಸಿದರು. ಮುಂದೆ ಕಲ್ಕತ್ತೆಯ ವ್ಯಾಸಂಗಕ್ಕೂ ನೆರವಾದರು. ಆ ತರುಣನೇ ಮಲೆಯಾಳ ಸಾಹಿತ್ಯದ ಮಹಾಕವಿ ಕುಮಾರನ್ ಆಶಾನ್. ಅಣ್ಣನಿಂದ ತಾವು ಪಡೆದುದನ್ನು ಪಲ್ಪು ಅವರು ಬಂಧುವಲ್ಲದ ಬಾಲಕನಿಗೆ ನೀಡಿದರು. ಋಣವನ್ನು ತೀರಿಸುವ ಮಾರ್ಗಗಳಲ್ಲಿ ಇದೇ ಶ್ರೇಷ್ಠವಲ್ಲವೆ? 1950ರ ಜನವರಿ 25ರಂದು, ಭಾರತವು ಗಣರಾಜ್ಯವಾಗುವ ಹಿಂದಿನ ದಿನ, ಅವರು ಇಹಲೋಕವನ್ನು ತ್ಯಜಿಸಿದರು. ಸರ್ವರಿಗೂ ಸಮಾನ ಅವಕಾಶವನ್ನು ಸಾರಿದ ಸಂವಿಧಾನವು ಮರುದಿನ ಜಾರಿಗೆ ಬಂದಿತು.

ಇಂದು ಕಾಲ ಬದಲಾಗಿದೆ. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗಾಗಿ ತಮಿಳುನಾಡು ಸರ್ಕಾರವು 2020ರಲ್ಲಿ ಶಾಸನ ಮಾಡಿ ವೈದ್ಯಕೀಯ ಪ್ರವೇಶದಲ್ಲಿ ಶೇಕಡಾ 7.5ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತು. ಹಾಗೆ ಆಯ್ಕೆಯಾದವರ ಶುಲ್ಕವನ್ನೂ ತಾನೇ ವಹಿಸಿಕೊಂಡಿತು. ಕೊಯಮತ್ತೂರಿನಲ್ಲಿ 1966ರಿಂದಲೂ, ತಿರುಪ್ಪೂರಿನಲ್ಲಿ 2022ರಿಂದಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಾಗಿಲು ತೆರೆದಿದೆ. ಆದರೆ ಬಾಗಿಲವರೆಗೆ ನಡೆದು ಹೋಗಲು ಪುಸ್ತಕ ಬೇಕು, ಪ್ರವೇಶ ಪರೀಕ್ಷೆಯ ತರಬೇತಿ ಬೇಕು, ಬಸ್ಸಿನ ಹಣ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಿನ್ನಿಂದ ಆಗುತ್ತದೆಂದು ಬೆನ್ನು ತಟ್ಟುವ ಒಬ್ಬರು ಬೇಕು. ಮಗ್ಗದ ಮನೆಯಲ್ಲೋ ಬನಿಯನ್ ಕಾರ್ಖಾನೆಯಲ್ಲೋ ದುಡಿಯುವ ಕುಟುಂಬಕ್ಕೆ ಈ ಚಿಕ್ಕ ವೆಚ್ಚಗಳೇ ದೊಡ್ಡ ಬೆಟ್ಟಗಳಾಗುತ್ತವೆ.

ವಾರ್ಷಿಕೋತ್ಸವಗಳಲ್ಲಿ ಹಾರತುರಾಯಿಗಳಿಗೆ ವ್ಯಯವಾಗುವ ಹಣದಲ್ಲಿ ಒಂದು ಭಾಗವನ್ನು ಇಂಥ ವಿದ್ಯಾರ್ಥಿಗಳಿಗಾಗಿ ಮೀಸಲಿಡಲು ನಮ್ಮಂಥ ಸಂಘಗಳು ಮನಸ್ಸು ಮಾಡಬಾರದೇಕೆ? ಹಾಗೆ ನೆರವು ಪಡೆದು ವೈದ್ಯರಾದವರು, ಡಾಕ್ಟರ್ ಪಲ್ಪು ಅವರಂತೆ, ಇನ್ನೊಂದು ಮನೆಯ ಮಗುವಿಗೆ ಆಸರೆಯಾಗಲಿ. ಆ ಮಹನೀಯರ ಸ್ಮರಣೆಗೆ ಇದಕ್ಕಿಂತ ಸಾರ್ಥಕವಾದ ಕಾಣಿಕೆ ನಮಗೆ ತೋರದು.