ಮಂಕುತಿಮ್ಮನ ಮಾತು, ಡಿ.ವಿ.ಜಿ.ಯವರ ಬದುಕು

‘ಮಂಕುತಿಮ್ಮನ ಕಗ್ಗ’ವನ್ನು ವಿಧಿವಾದದ ಕಾವ್ಯವೆಂದು ಓದುವ ಕ್ರಮವೊಂದು ಕನ್ನಡದಲ್ಲಿ ರೂಢಿಯಲ್ಲಿದೆ. ಅದರ ಕರ್ತೃ ಡಿ.ವಿ. ಗುಂಡಪ್ಪನವರಾದರೋ ಕಗ್ಗ ಪ್ರಕಟವಾದ ಎರಡೇ ವರ್ಷಗಳಲ್ಲಿ, 1945ರಲ್ಲಿ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಎಲ್ಲವೂ ವಿಧಿಯ ಕೈಯಲ್ಲಿದೆಯೆಂದು ನಂಬಿದವರು ಪೌರಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟುವ ಶ್ರಮವನ್ನು ಏಕೆ ವಹಿಸಬೇಕು? ಎನ್.ಆರ್. ಕಾಲೋನಿಯಲ್ಲಿ ಇಂದಿಗೂ ನಡೆಯುತ್ತಿರುವ ಆ ಸಂಸ್ಥೆಯನ್ನು ಎದುರಿಗಿಟ್ಟುಕೊಂಡು ಕಗ್ಗದ ಪದಗಳನ್ನು ನೋಡಿದರೆ, ಮೇಲಿನ ಓದು ಎಷ್ಟು ಅವಸರದ್ದೆಂಬುದು ತಿಳಿಯುತ್ತದೆ.

ಡಿ.ವಿ.ಜಿ. ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಅವರ ಶಾಲಾಶಿಕ್ಷಣ ಮೆಟ್ರಿಕ್ಯುಲೇಷನ್ ಪರೀಕ್ಷೆಯ ಸೋಲಿನೊಂದಿಗೆ ಮುಗಿಯಿತು. ಹೊಟ್ಟೆಪಾಡಿನ ಸಣ್ಣಪುಟ್ಟ ಉದ್ಯೋಗಗಳನ್ನು ದಾಟಿ ಬೆಂಗಳೂರಿನ ಪತ್ರಿಕಾರಂಗಕ್ಕೆ ಬಂದರು. 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ವೇದಾಂತವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತ ಶ್ರಮದಿಂದ ದಕ್ಕಿಸಿಕೊಂಡರು. 1924ರಲ್ಲಿ ಪತ್ನಿ ಭಾಗೀರಥಮ್ಮನವರು ತೀರಿಕೊಂಡಾಗ ಅವರಿಗೆ ಮೂವತ್ತೇಳು ವರ್ಷ; ಮತ್ತೆ ಮದುವೆಯಾಗಲಿಲ್ಲ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಅವರ ಕಾವ್ಯಜೀವನದ ದಾರಿಯನ್ನು ಎರಡು ಶೀರ್ಷಿಕೆಗಳೇ ಸೂಚಿಸುತ್ತವೆ. 1930ರಲ್ಲಿ ಉಮರ್ ಖಯ್ಯಾಮನ ರುಬಾಯಿಗಳನ್ನು ಕನ್ನಡಕ್ಕೆ ತಂದಾಗ ಅದಕ್ಕೆ ‘ಒಸಗೆ’ ಎಂದು ಹೆಸರಿಟ್ಟರು. ಅದು ಶುಭವಾರ್ತೆಯನ್ನು, ಸಂಭ್ರಮವನ್ನು ಸೂಚಿಸುವ ಹಳಗನ್ನಡದ ಪದ. ಹದಿಮೂರು ವರ್ಷಗಳ ಅನಂತರ ತಮ್ಮದೇ ಜೀವನಚಿಂತನೆಗೆ ಅವರು ಆರಿಸಿಕೊಂಡದ್ದು ‘ಕಗ್ಗ’ವೆಂಬ ಪದವನ್ನು, ಒರಟಾದ, ಸಿಕ್ಕುಸಿಕ್ಕಾದ ಮಾತೆಂಬ ಧ್ವನಿ ಅದಕ್ಕಿದೆ. ಅಂಕಿತದ ಆಯ್ಕೆಯೂ ಇಂಥದೇ. ವಚನಕಾರರಲ್ಲಿ ಅಂಕಿತವೆಂದರೆ ಸಾಮಾನ್ಯವಾಗಿ ಇಷ್ಟದೈವದ ಹೆಸರು. ತ್ರಿಪದಿಯ ಕವಿಯ ಅಂಕಿತ ಎಲ್ಲವನ್ನೂ ಬಲ್ಲವನೆಂದು ಸಾರುತ್ತದೆ. 945 ಪದ್ಯಗಳ ಈ ಕೃತಿಯಲ್ಲಿ ಆ ಸ್ಥಾನದಲ್ಲಿ ಕುಳಿತವನು ಮಂಕುಬಡಿದ ತಿಮ್ಮ. ಸಂಬೋಧನೆ ಕವಿಗೋ ಓದುಗನಿಗೋ ಎಂಬುದು ಬಗೆಹರಿಯುವುದಿಲ್ಲ, ಬಗೆಹರಿಯದಿರುವುದೇ ಲೇಸು. ಬೋಧಿಸುವವನೂ ಬೋಧೆಗೆ ಒಳಗಾಗುವವನೂ ಒಂದೇ ಮಣೆಯ ಮೇಲೆ ಕುಳಿತಿದ್ದಾರೆ.

ಪದಸಂಪತ್ತಿನಲ್ಲಿಯೂ ಈ ಸಮಾನತೆ ಕಾಣುತ್ತದೆ. ಬ್ರಹ್ಮ, ಮಾಯೆ, ವಿಧಿ ಮುಂತಾದ ಶಾಸ್ತ್ರಪದಗಳ ಪಕ್ಕದಲ್ಲಿಯೇ ಬೆಂಗಳೂರಿನ ಬೀದಿಯ ಜಟಕಾ ಮತ್ತು ಅದನ್ನು ಹೊಡೆಯುವ ಸಾಹೇಬ ಬರುತ್ತಾರೆ. ಬದುಕು ಬಂಡಿ, ವಿಧಿ ಸಾಹೇಬ, ಮನುಷ್ಯ ಕುದುರೆ. ಮದುವೆಮನೆಗಾಗಲಿ ಮಸಣಕ್ಕಾಗಲಿ, ಕರೆದೊಯ್ದತ್ತ ಹೋಗಬೇಕು. ವಿಧಿವಾದದ ಓದಿಗೆ ಮುಖ್ಯ ಆಧಾರವಾಗಿರುವುದು ಈ ಪದ್ಯ. ಆದರೆ ಇದರ ಕೊನೆಯನ್ನು ಎಷ್ಟು ಮಂದಿ ಗಮನಿಸಿದ್ದಾರೆಂಬುದು ಸಂದೇಹ. ಕಾಲು ಕುಸಿದರೆ ಆತುಕೊಳ್ಳಲು ನೆಲವಿದೆಯೆನ್ನುವಲ್ಲಿ ಪ್ರತಿಮೆ ತನ್ನ ಭಯವನ್ನು ತಾನೇ ಇಳಿಸಿಕೊಳ್ಳುತ್ತದೆ.

ಇದರ ಜೊತೆಗೆ ಅಷ್ಟೇ ಜನಪ್ರಿಯವಾದ ಇನ್ನೊಂದು ಪದ್ಯವನ್ನು ಇಟ್ಟು ನೋಡಬೇಕು. ಬೆಟ್ಟದ ಬುಡದ ಹುಲ್ಲು, ಮನೆಯ ಮಲ್ಲಿಗೆ, ಕಷ್ಟದ ಮಳೆಗೆ ಒಡ್ಡಿಕೊಂಡ ಕಲ್ಲು, ದೀನದುರ್ಬಲರಿಗೆ ಬೆಲ್ಲಸಕ್ಕರೆ: ಮನುಷ್ಯ ತಳೆಯಬೇಕಾದ ರೂಪಗಳು ಇಲ್ಲಿ ಸಾಲುಗೊಂಡಿವೆ. ಇವನ್ನೆಲ್ಲ ನಡೆಸುವುದು ‘ಆಗು’ ಎಂಬ ಪುಟ್ಟ ಕ್ರಿಯಾಪದ. ಜಟಕಾದ ಪದ್ಯದಲ್ಲಿ ಲಗಾಮು ಹಿಡಿದಿದ್ದ ವಿಧಿ ಇಲ್ಲಿಯೂ ಇದೆ. ಆದರೆ ಅದಕ್ಕುಳಿದ ಕೆಲಸ ಮಳೆಗರೆಯುವುದಷ್ಟೆ. ಕಲ್ಲಾಗುವ ಆಯ್ಕೆ ಮನುಷ್ಯನದು. ಕಲ್ಲಿನ ಬೆನ್ನಿಗೇ ಬೆಲ್ಲ ಬರುವ ಕ್ರಮವೂ ಅರ್ಥಪೂರ್ಣವಾಗಿದೆ. ತನ್ನ ಕಷ್ಟಕ್ಕೆ ಗಟ್ಟಿಯಾಗಬೇಕಾದವನು ಇತರರ ಕಷ್ಟಕ್ಕೆ ಕರಗಬೇಕು. ಎಳೆವಯಸ್ಸಿನ ಸೋಲನ್ನೂ ನಡುವಯಸ್ಸಿನ ವಿಯೋಗವನ್ನೂ ಕಂಡ ವ್ಯಕ್ತಿಯ ಕೈಯಲ್ಲಿ ಈ ಪದಗಳು ಅಲಂಕಾರದ ಮಟ್ಟದಲ್ಲಿ ನಿಲ್ಲುವುದಿಲ್ಲ.

ಭಗವದ್ಗೀತೆಯ ತಾತ್ಪರ್ಯವನ್ನು ನಿರೂಪಿಸುವ ತಮ್ಮ ಗ್ರಂಥಕ್ಕೆ ಅವರು ‘ಜೀವನಧರ್ಮಯೋಗ’ವೆಂದು ಹೆಸರಿಟ್ಟರು. ಮೋಕ್ಷಶಾಸ್ತ್ರಕ್ಕೆ ಜೀವನವೆಂಬ ಪದವನ್ನು ಮುಂದಿಟ್ಟದ್ದು ಕಗ್ಗದ ಕವಿಗೆ ಸಹಜವೇ. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1970ರ ಸಾರ್ವಜನಿಕ ಸನ್ಮಾನದಲ್ಲಿ ಅರ್ಪಿತವಾದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಡಿ.ವಿ.ಜಿ. ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣರಾದರು, 1975ರ ಅಕ್ಟೋಬರ್ 7ರಂದು ನಿಧನರಾದರು. ಅವರು ಬರೆದಿಟ್ಟಿದ್ದ ಇನ್ನಷ್ಟು ಪದ್ಯಗಳು ಮರಣಾನಂತರ ‘ಮರುಳ ಮುನಿಯನ ಕಗ್ಗ’ವೆಂಬ ಹೆಸರಿನಲ್ಲಿ ಬೆಳಕು ಕಂಡವು. ಅಂಕಿತದಲ್ಲಿ ಮಂಕು ಹೋಗಿ ಮರುಳು ಬಂದಿತ್ತು. ಕಗ್ಗ ಮಾತ್ರ ಕಗ್ಗವಾಗಿಯೇ ಉಳಿದಿತ್ತು.